ದುಡಿಮೆಯ ನೆಲೆಯಲ್ಲಿ ಸುರಕ್ಷತೆಯ ಪಾಠ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ರೇಷ್ಮೆ ಮಂಡಳಿಯ ಕೂಡುರಸ್ತೆಯನ್ನು ದಾಟಿ ಸ್ವಲ್ಪ ದೂರ ಸಾಗಿದರೆ ಬೊಮ್ಮನಹಳ್ಳಿ ಸಿಗುತ್ತದೆ. ಹೆಸರು ಹಳ್ಳಿಯದಾದರೂ ಹಳ್ಳಿಯ ಚಹರೆ ಅಲ್ಲಿ ಉಳಿದಿಲ್ಲ. ಹಿಂದೆ ಬೇಗೂರಿನ ಸೀಮೆಗೆ ಸೇರಿದ್ದ ಈ ಊರು ನಗರಸಭೆಯಾಗಿ ಬೆಳೆದು, 2007ರಲ್ಲಿ ಬೆಂಗಳೂರು ಮಹಾನಗರದೊಳಗೆ ಲೀನವಾಯಿತು. ಬೆಳಗಿನ ಹೊತ್ತು ಅಲ್ಲಿನ ಬೀದಿಗಳಲ್ಲಿ ನಿಂತು ನೋಡುವವರಿಗೆ ಒಂದು ವಿಶೇಷ ದೃಶ್ಯ ಕಾಣುತ್ತದೆ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ ಧರಿಸಿದ ಸಾವಿರಾರು ಮಹಿಳೆಯರು ಹೊಂಗಸಂದ್ರ, ಗಾರ್ವೆಬಾವಿಪಾಳ್ಯ, ಕೂಡ್ಲು, ಬೇಗೂರುಗಳ ಕಡೆಯಿಂದ ಸಾಲುಸಾಲಾಗಿ ಬಂದು ಸಿದ್ಧ ಉಡುಪಿನ ಕಾರ್ಖಾನೆಗಳ ದ್ವಾರಗಳೊಳಗೆ ಮರೆಯಾಗುತ್ತಾರೆ. ಮಂಡ್ಯ, ರಾಮನಗರ, ತುಮಕೂರುಗಳ ಹಳ್ಳಿಗಳಿಂದ ಬಂದವರು ಕೆಲವರು. ಒಡಿಶಾ, ಜಾರ್ಖಂಡ್, ಅಸ್ಸಾಮುಗಳಿಂದ ಬಂದವರು ಕೆಲವರು. ಅವರು ಹೊಲಿದ ಅಂಗಿಗಳು ಹಡಗನ್ನೇರಿ ಸಮುದ್ರದಾಚೆಯ ದೇಶಗಳ ಅಂಗಡಿಗಳನ್ನು ಸೇರುತ್ತವೆ.

ಈ ಮಹಿಳೆಯರ ಹೆಸರು ಪತ್ರಿಕೆಗಳಲ್ಲಿ ಕಾಣಿಸುವುದು ಅಪರೂಪ. 2016ರ ಏಪ್ರಿಲ್ 18 ಮತ್ತು 19ರಂದು ಮಾತ್ರ ಇಡೀ ದೇಶ ಅವರತ್ತ ನೋಡಿತು. ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿದಾಗ ಅವರು ಹೊಸೂರು ರಸ್ತೆಗಿಳಿದು ಪ್ರತಿಭಟಿಸಿದರು; ಎರಡನೆಯ ದಿನವೇ ಆ ನಿಯಮ ರದ್ದಾಯಿತು. ಮುಪ್ಪಿಗೆಂದು ಕೂಡಿಟ್ಟ ಹಣದ ಬಗ್ಗೆ ಅಷ್ಟು ಎಚ್ಚರದಿಂದಿದ್ದವರಿಗೆ ಮುಪ್ಪಿನವರೆಗೆ ಕೈಕಾಲುಗಳು ಮುಕ್ಕಾಗದೆ ಉಳಿಯಬೇಕೆಂಬುದೂ ಅಷ್ಟೇ ಮುಖ್ಯ. ಆ ಎರಡನೆಯ ಸಂಗತಿಯೇ ಇಲ್ಲಿನ ವಿಷಯ. ದುಡಿಯುವವನಿಗೆ ತನ್ನ ದೇಹವನ್ನು ಕಾಪಾಡಿಕೊಳ್ಳುವ ವಿದ್ಯೆಯನ್ನು ಹೇಗೆ ಕಲಿಸುತ್ತಾರೆ, ಆ ಕಲಿಕೆ ಎಲ್ಲಿ ಫಲಿಸುತ್ತದೆ, ಎಲ್ಲಿ ಬರಿಯ ಶಾಸ್ತ್ರವಾಗಿ ಉಳಿದುಬಿಡುತ್ತದೆ ಎಂಬುದನ್ನು ಬೊಮ್ಮನಹಳ್ಳಿಯಂಥ ಊರಿನಲ್ಲಿ ಚೆನ್ನಾಗಿ ಅರಿಯಬಹುದು.

ಉಡುಪಿನ ಕಾರ್ಖಾನೆಯೆಂದರೆ ಅಪಾಯದ ತಾಣವೆಂದು ಯಾರಿಗೂ ಮೊದಲ ನೋಟಕ್ಕೆ ಅನ್ನಿಸುವುದಿಲ್ಲ. ಅಲ್ಲಿ ಚಿನ್ನದ ಗಣಿಯ ಆಳವಿಲ್ಲ, ಉಕ್ಕಿನ ಕುಲುಮೆಯ ಕಾವಿಲ್ಲ. ಮನೆಮನೆಯಲ್ಲಿಯೂ ಇರುವ ಹೊಲಿಗೆ ಯಂತ್ರವೇ ಅಲ್ಲಿಯೂ ಇದೆ ಎಂಬ ಭಾವನೆ ಸಹಜವಾದುದು. ಆದರೆ ಮನೆಯ ಯಂತ್ರವನ್ನು ಕಾಲು ತುಳಿದು ನಡೆಸುತ್ತದೆ. ಕಾರ್ಖಾನೆಯ ಯಂತ್ರವನ್ನು ವಿದ್ಯುತ್ತು ನಡೆಸುತ್ತದೆ. ಅದರ ಸೂಜಿ ನಿಮಿಷಕ್ಕೆ 4,000ದಿಂದ 5,000 ಬಾರಿ ಬಟ್ಟೆಯನ್ನು ಚುಚ್ಚಿ ಮೇಲೇಳಬಲ್ಲುದು. ಎಂದರೆ ಒಂದು ಸೆಕೆಂಡಿನಲ್ಲಿ ಎಂಬತ್ತು ಸಲ ಎಂದಾಯಿತು. ನೋವು ತಟ್ಟಿದ ಮೇಲೆ ಕೈಯನ್ನು ಹಿಂದಕ್ಕೆಳೆದುಕೊಳ್ಳಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಸಮಯ ಬೇಕು. ಅಷ್ಟರಲ್ಲಿ ಸೂಜಿಯು ಹದಿನಾರು ಬಾರಿ ಇಳಿದೇರಿರುತ್ತದೆ. ಕಣ್ಣು ಚುರುಕಾಗಿದ್ದರೆ ಸಾಕು, ಕೈ ತಪ್ಪಿಸಿಕೊಳ್ಳುತ್ತದೆ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲಲಾರದು.

ಕತ್ತರಿಸುವ ವಿಭಾಗದಲ್ಲಿ ಬಟ್ಟೆಯ ಹಲವಾರು ಪದರಗಳನ್ನು ಒಂದರ ಮೇಲೊಂದು ಹಾಸಿ, ನೆಟ್ಟಗೆ ನಿಂತ ಅಲಗಿನ ಯಂತ್ರದಿಂದ ಒಮ್ಮೆಗೇ ಕೊಯ್ಯುತ್ತಾರೆ. ಅಲ್ಲಿ ಕೆಲಸಮಾಡುವವನು ಉಕ್ಕಿನ ಸಣ್ಣ ಬಳೆಗಳಿಂದ ಹೆಣೆದ ಕೈಗವಸನ್ನು ತೊಡಬೇಕು. ಅದನ್ನು ತೊಡಬೇಕಾದದ್ದು ಯಂತ್ರವನ್ನು ಹಿಡಿದ ಕೈಗಲ್ಲ, ಬಟ್ಟೆಯನ್ನು ಒತ್ತಿ ಹಿಡಿಯುವ ಕೈಗೆ. ಅಲಗಿನ ಹಾದಿಗೆ ಅಡ್ಡ ಬರುವುದು ಆ ಕೈಯೇ. ಗುಂಡಿ ಹಚ್ಚುವ ಯಂತ್ರದಲ್ಲಿ ಗುಂಡಿಯೊಡೆದು ಚೂರು ಕಣ್ಣಿಗೆ ಸಿಡಿಯಬಹುದು. ಅದಕ್ಕಾಗಿ ಪಾರದರ್ಶಕವಾದ ಒಂದು ಮರೆ ಇರುತ್ತದೆ. ಕಲೆ ತೆಗೆಯುವ ಕೋಣೆಯಲ್ಲಿ ದ್ರಾವಕಗಳ ಆವಿ ಎದೆಗೆ ಸೇರುತ್ತದೆ. ಇಸ್ತ್ರಿ ವಿಭಾಗದಲ್ಲಿ ಹಬೆಯ ಕೊಳವೆಗಳಿವೆ. ಇವೆಲ್ಲಕ್ಕಿಂತ ಮಿಗಿಲಾಗಿ ಕಟ್ಟಡದ ತುಂಬ ಬಟ್ಟೆಯಿದೆ, ನೂಲಿನ ಧೂಳಿದೆ, ರಟ್ಟಿನ ಪೆಟ್ಟಿಗೆಗಳಿವೆ, ತಲೆಯ ಮೇಲೆ ವಿದ್ಯುತ್ತಿನ ತಂತಿಗಳಿವೆ. ಒಂದು ಕಿಡಿಗೆ ಬೇಕಾದ ಉರುವಲೆಲ್ಲ ಅಲ್ಲಿ ಒಟ್ಟಿಕೊಂಡೇ ಇದೆ.

ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಮೊದಲ ದಿನ ಈ ಅಪಾಯಗಳ ಪರಿಚಯವಾಗಬೇಕು. ಒಳ್ಳೆಯ ಕಾರ್ಖಾನೆಗಳಲ್ಲಿ ಅವಳನ್ನು ನೇರವಾಗಿ ಯಂತ್ರದ ಮುಂದೆ ಕೂರಿಸುವುದಿಲ್ಲ. ಮೊದಲು ಕಟ್ಟಡವನ್ನೆಲ್ಲ ಸುತ್ತಿಸಿ ತೋರಿಸುತ್ತಾರೆ. ಸೆರಗನ್ನು, ದುಪಟ್ಟಾವನ್ನು, ಜಡೆಯನ್ನು ಹೇಗೆ ಕಟ್ಟಿಕೊಂಡರೆ ಯಂತ್ರದ ಪಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ ಎಂಬುದನ್ನು ಮಾಡಿ ತೋರಿಸುತ್ತಾರೆ. ಸೂಜಿಗೆ ದಾರ ಪೋಣಿಸುವ ಮುನ್ನ ಗುಂಡಿಯೊತ್ತಿ ವಿದ್ಯುತ್ತನ್ನು ನಿಲ್ಲಿಸುವುದು, ಕಾಲನ್ನು ತುಳಿಮಣೆಯಿಂದ ತೆಗೆದಿಡುವುದು, ಬೆರಳು ಮತ್ತು ಸೂಜಿಯ ನಡುವೆ ನಿಲ್ಲುವ ಪುಟ್ಟ ತಂತಿಯ ಕಾಪನ್ನು ಅದರ ಸ್ಥಾನದಲ್ಲಿಯೇ ಇಡುವುದು, ಇವು ಮೊದಲ ಪಾಠಗಳು. ಇವನ್ನು ಹೇಳಲು ಹತ್ತು ನಿಮಿಷ ಸಾಕು. ಕೈಗೆ ರೂಢಿಯಾಗಲು ವಾರಗಳೇ ಬೇಕು. ನೀರಿಗಿಳಿಯದೆ ಈಜು ಬಾರದು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಆ ಪುಟ್ಟ ತಂತಿಯ ಕಾಪಿನ ಕಥೆಯೊಂದೇ ತರಬೇತಿಯ ಕಷ್ಟವನ್ನೆಲ್ಲ ತಿಳಿಸುತ್ತದೆ. ಕಾಪಿದ್ದರೆ ದಾರ ಪೋಣಿಸುವುದು ತುಸು ತಡವಾಗುತ್ತದೆ. ಹೊಲಿಗೆಯ ಗೆರೆಯೂ ಸ್ವಲ್ಪ ಮರೆಯಾಗುತ್ತದೆ. ಪ್ರತಿಯೊಂದು ಹೊಲಿಗೆ ಸಾಲಿನ ತುದಿಯಲ್ಲಿಯೂ ಒಂದು ಹಲಗೆಯಿದ್ದು, ಗಂಟೆಗೆ ಇಷ್ಟು ಉಡುಪುಗಳು ಮುಗಿಯಬೇಕೆಂಬ ಗುರಿಯನ್ನು ಅದರಲ್ಲಿ ಬರೆದಿರುತ್ತಾರೆ. ಗುರಿ ತಪ್ಪಿದಾಗ ಮೇಲ್ವಿಚಾರಕನ ಬಿರುನುಡಿ ಕೇಳಬೇಕಾಗುತ್ತದೆ. ಆಗ ಕೆಲಸಗಾರ್ತಿಯ ಬೆರಳುಗಳು ತಾವಾಗಿಯೇ ಆ ಕಾಪನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತವೆ. ಅಂಥವಳಿಗೆ ಕಾಪಿನ ಉಪಯೋಗ ತಿಳಿದಿಲ್ಲವೆಂದು ಭಾವಿಸಿ ಮತ್ತೊಮ್ಮೆ ಉಪನ್ಯಾಸ ಕೊಡುವುದು ವ್ಯರ್ಥ. ತಿಳಿವಳಿಕೆ ಅವಳಲ್ಲಿದೆ, ಸಮಯವಿಲ್ಲ. ಆದುದರಿಂದ ಸುರಕ್ಷತೆಯ ಶಿಕ್ಷಣ ಕೆಲಸಗಾರ್ತಿಯಷ್ಟೇ ಅವಳ ಮೇಲ್ವಿಚಾರಕನಿಗೂ ಬೇಕು. ಗುರಿಯನ್ನು ಗೊತ್ತುಮಾಡುವವನು ಯಂತ್ರವನ್ನು ನಿಲ್ಲಿಸಿ ದಾರ ಪೋಣಿಸುವ ಕ್ಷಣಗಳನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ, ಗೋಡೆಗೆ ಎಷ್ಟು ಸೂಚನಾಫಲಕಗಳನ್ನು ಹಚ್ಚಿದರೂ ಅವು ಬಣ್ಣದ ಕಾಗದಗಳಾಗಿಯೇ ಉಳಿಯುತ್ತವೆ.

ಸೂಜಿಯ ವಿಷಯದಲ್ಲಿಯೇ ಇನ್ನೊಂದು ಪದ್ಧತಿಯನ್ನು ಗಮನಿಸಬಹುದು. ಹೊಲಿಯುವಾಗ ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ ತೆಗೆದು, ಜೋಡಿಸಿ, ಒಂದು ಪುಸ್ತಕದಲ್ಲಿ ಅಂಟಿಸಿ, ವೇಳೆ ಮತ್ತು ಯಂತ್ರದ ಸಂಖ್ಯೆಯನ್ನು ನಮೂದಿಸಿದ ಮೇಲೆಯೇ ಹೊಸ ಸೂಜಿ ದೊರೆಯುತ್ತದೆ. ಒಂದು ಚೂರು ಸಿಕ್ಕದಿದ್ದರೂ ಸುತ್ತಲಿನ ಉಡುಪುಗಳನ್ನೆಲ್ಲ ಲೋಹಶೋಧಕದ ಕೆಳಗೆ ಹಾಯಿಸುತ್ತಾರೆ. ಎಲ್ಲಿಯೋ ದೂರದೇಶದಲ್ಲಿ ಆ ಅಂಗಿಯನ್ನು ತೊಡುವ ಮಗುವಿಗೆ ಚೂರು ಚುಚ್ಚಬಾರದೆಂಬುದು ಇದರ ಉದ್ದೇಶ. ಎಷ್ಟು ಮೆಚ್ಚತಕ್ಕ ಎಚ್ಚರಿಕೆ! ಆದರೆ ಅದೇ ಸೂಜಿ ಹೊಲಿಯುವವಳ ಬೆರಳಿಗೆ ಚುಚ್ಚಿದಾಗ ಅಷ್ಟೇ ಶ್ರದ್ಧೆಯಿಂದ ಬರೆದಿಡುವ ಪುಸ್ತಕ ಎಲ್ಲ ಕಡೆಯೂ ಇರುವುದಿಲ್ಲ. ಸಣ್ಣ ಗಾಯವೆಂದು ಬಟ್ಟೆಯ ಚೂರು ಸುತ್ತಿಕೊಂಡು ಕೆಲಸ ಮುಂದುವರಿಸುವುದೇ ವಾಡಿಕೆ. ಸಣ್ಣ ಗಾಯಗಳನ್ನು ಬರೆದಿಟ್ಟ ಕಾರ್ಖಾನೆಗೆ ಯಾವ ಯಂತ್ರದಲ್ಲಿ, ಯಾವ ವೇಳೆಯಲ್ಲಿ, ಏತಕ್ಕಾಗಿ ಕೈ ತಪ್ಪುತ್ತಿದೆ ಎಂಬುದು ತಿಳಿಯುತ್ತದೆ. ದೊಡ್ಡ ಗಾಯವನ್ನು ತಪ್ಪಿಸುವ ದಾರಿಯೂ ಕಾಣುತ್ತದೆ.

ಬೆಂಕಿಯ ವಿಷಯ ಇದಕ್ಕಿಂತ ಗಂಭೀರವಾದುದು. ಸೂಜಿ ಒಬ್ಬರ ಬೆರಳನ್ನು ನೋಯಿಸಿದರೆ ಬೆಂಕಿ ಒಂದು ಮಹಡಿಯನ್ನೇ ಬರಿದು ಮಾಡಬಲ್ಲುದು. ಬೆಂಕಿಯೆಂದೊಡನೆ ಜನರು ಜ್ವಾಲೆಗೆ ಹೆದರುತ್ತಾರೆ. ವಾಸ್ತವದಲ್ಲಿ ಕಟ್ಟಡದೊಳಗಿನ ಬೆಂಕಿಯಲ್ಲಿ ಬಹುಮಂದಿಯನ್ನು ಕೊಲ್ಲುವುದು ಹೊಗೆ. ಗಾಳಿ ಸಾಲದೆ ಉರಿಯುವ ಬಟ್ಟೆ ಮತ್ತು ಕಾಗದಗಳಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮಿದುಳಿಗೆ ಆಮ್ಲಜನಕ ಮುಟ್ಟದೆ ಮನುಷ್ಯನು ಮೊದಲು ದಿಕ್ಕುಗೆಟ್ಟು, ಬಳಿಕ ಎಚ್ಚರತಪ್ಪಿ ಬೀಳುತ್ತಾನೆ. ಬಿಸಿ ಹೊಗೆ ಮೇಲಕ್ಕೇರುವುದರಿಂದ ನೆಲದ ಸಮೀಪದಲ್ಲಿ ಸ್ವಲ್ಪ ಹೊತ್ತು ಶುದ್ಧ ಗಾಳಿ ಉಳಿದಿರುತ್ತದೆ. ಬಗ್ಗಿ ಅಥವಾ ತೆವಳಿ ಸಾಗಬೇಕೆಂದು ಕಲಿಸುವುದು ಈ ಕಾರಣದಿಂದ.

ದಿಕ್ಕುಗೆಟ್ಟ ಮನುಷ್ಯನು ಯಾವ ಕಡೆ ಓಡುತ್ತಾನೆ? ಹತ್ತಿರದ ಬಾಗಿಲಿಗೆ ಓಡುತ್ತಾನೆಂದು ಯಾರೂ ಊಹಿಸಬಹುದು. ಆದರೆ ಅಂಥ ಸಂದರ್ಭಗಳನ್ನು ಅಧ್ಯಯನ ಮಾಡಿದವರು ಕಂಡುಕೊಂಡ ಸಂಗತಿ ಬೇರೆ. ಬಹುಪಾಲು ಜನರು ತಾವು ಪ್ರತಿದಿನ ಒಳಗೆ ಬಂದ ಬಾಗಿಲಿನತ್ತಲೇ ಓಡುತ್ತಾರೆ. ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿರುವ ಬಾಗಿಲು ಅವರ ನೆನಪಿಗೇ ಬಾರದು. ಭಯದಲ್ಲಿ ಬುದ್ಧಿ ಹಿಂದೆ ಸರಿದು ದೇಹ ತನಗೆ ರೂಢಿಯಾದ ದಾರಿಯನ್ನು ಹಿಡಿಯುತ್ತದೆ. ಸುರಕ್ಷತೆಯ ತರಬೇತಿಯ ಗುಟ್ಟೆಲ್ಲ ಇದರಲ್ಲಿಯೇ ಅಡಗಿದೆ. ಯಾವ ದಾರಿ ಪಾರುಮಾಡುವುದೋ ಅದನ್ನು ಭಯವಿಲ್ಲದ ದಿನಗಳಲ್ಲಿಯೇ ಕಾಲಿಗೆ ರೂಢಿಮಾಡಿಸಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ಕಂಡು ನಗುವ ನಾಡಿನಲ್ಲಿ, ಬೆಂಕಿ ಬಿದ್ದ ಮೇಲೆ ಬಾಗಿಲು ಹುಡುಕುವ ಸ್ಥಿತಿ ಬರಬಾರದಷ್ಟೆ.

ಈ ರೂಢಿಯನ್ನು ಬೆಳೆಸುವುದಕ್ಕಾಗಿ ನಡೆಸುವ ಅಭ್ಯಾಸಕ್ಕೆ ಅಣಕು ಕಾರ್ಯಾಚರಣೆಯೆಂದು ಹೆಸರು. ಎಚ್ಚರಿಕೆಯ ಗಂಟೆ ಬಾರಿಸಿದೊಡನೆ ಎಲ್ಲರೂ ಯಂತ್ರಗಳನ್ನು ನಿಲ್ಲಿಸಿ ಏಳಬೇಕು. ಚೀಲ, ಚಪ್ಪಲಿ, ಊಟದ ಡಬ್ಬಿಗಳ ಕಡೆ ತಿರುಗಿ ನೋಡಬಾರದು. ನೆಲದ ಮೇಲೆ ಹಳದಿ ಬಣ್ಣದಲ್ಲಿ ಗುರುತಿಸಿದ ದಾರಿಯಲ್ಲಿ, ತಮ್ಮ ಸಾಲಿಗೆ ಗೊತ್ತುಮಾಡಿದ ಬಾಗಿಲಿನ ಮೂಲಕ, ಮೆಟ್ಟಿಲಿಳಿದು ಹೊರಗಿನ ಬಯಲಿಗೆ ಬರಬೇಕು. ವಿದ್ಯುತ್ತು ಕಡಿದರೆ ನಡುವೆ ಸಿಕ್ಕಿಬೀಳುವ ಭಯವಿರುವುದರಿಂದ ಲಿಫ್ಟನ್ನು ಬಳಸಕೂಡದು. ಬಯಲಿನಲ್ಲಿ ಪ್ರತಿಯೊಂದು ಸಾಲಿನವರೂ ಒಟ್ಟಾಗಿ ನಿಲ್ಲಬೇಕು. ಹಾಜರಿ ಪಟ್ಟಿಯನ್ನು ಹಿಡಿದು ಎಣಿಕೆ ನಡೆಯಬೇಕು. ಗರ್ಭಿಣಿಯರಿಗೆ, ಕುಂಟುವವರಿಗೆ, ಶಿಶುವಿಹಾರದಲ್ಲಿರುವ ಮಕ್ಕಳಿಗೆ ಯಾರು ನೆರವಾಗಬೇಕೆಂಬುದನ್ನು ಮುಂಚಿತವಾಗಿಯೇ ಗೊತ್ತುಮಾಡಿರಬೇಕು. ಕೆಲವರಿಗೆ ಬೆಂಕಿಯಾರಿಸುವ ಉಪಕರಣದ ಬಳಕೆಯನ್ನೂ ಕಲಿಸುತ್ತಾರೆ. ಕೀಲನ್ನು ಎಳೆದು, ಕೊಳವೆಯನ್ನು ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನೊತ್ತಿ, ಅತ್ತಿತ್ತ ಬೀಸಬೇಕು. ಉರಿಯುತ್ತಿರುವುದು ವಿದ್ಯುತ್ ಉಪಕರಣವಾದರೆ ನೀರನ್ನು ಮುಟ್ಟಬಾರದು. ಸಣ್ಣ ಉಪಕರಣವೊಂದರ ಪುಡಿ ಅರ್ಧ ನಿಮಿಷದೊಳಗೆ ಮುಗಿದುಹೋಗುವುದರಿಂದ, ಮೊದಲ ಬಾರಿಗೆ ಅದನ್ನು ಹಿಡಿಯುವವನು ಹಿಂದಿರುವ ಸೂಚನೆಗಳನ್ನು ಓದುತ್ತ ನಿಲ್ಲುವಷ್ಟು ಅವಕಾಶವಿರುವುದಿಲ್ಲ.

ಇಷ್ಟೆಲ್ಲ ನಿಯಮಗಳು ಯಾರೋ ಒಬ್ಬ ವಿದ್ವಾಂಸನು ಕುಳಿತು ಯೋಚಿಸಿ ಬರೆದವಲ್ಲ. ಒಂದೊಂದು ನಿಯಮದ ಹಿಂದೆಯೂ ಸಾವುಗಳಿವೆ. 1911ರ ಮಾರ್ಚ್ 25, ಶನಿವಾರ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹತ್ತು ಮಹಡಿಗಳ ಕಟ್ಟಡವೊಂದರ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಎಂಬ ಹೆಸರಿನ ಉಡುಪಿನ ಕಾರ್ಖಾನೆಯಿದ್ದಿತು. ಸಂಜೆ ಕೆಲಸ ಮುಗಿಯುವ ವೇಳೆಗೆ ಎಂಟನೆಯ ಮಹಡಿಯಲ್ಲಿ, ಕತ್ತರಿಸುವ ಮೇಜಿನ ಕೆಳಗೆ ಬಿದ್ದಿದ್ದ ಬಟ್ಟೆಯ ಚೂರುಗಳಿಗೆ ಬೆಂಕಿ ತಗುಲಿತು. ಎಂಟನೆಯ ಮಹಡಿಯವರು ಹತ್ತನೆಯ ಮಹಡಿಯ ಕಚೇರಿಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟಿಸಿದರು. ನಡುವಿನ ಒಂಬತ್ತನೆಯ ಮಹಡಿಗೆ ಸುದ್ದಿ ತಲಪಲೇ ಇಲ್ಲ. ಅಲ್ಲಿನ ಹುಡುಗಿಯರಿಗೆ ಬೆಂಕಿಯೇ ಬಂದು ಬೆಂಕಿಯ ಸುದ್ದಿ ಹೇಳಿತು. ಕೆಲಸಗಾರರು ಬಟ್ಟೆ ಕದ್ದು ಒಯ್ಯದಂತೆ ನೋಡಿಕೊಳ್ಳಲು ಅಲ್ಲಿನ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿಗಳು ಆರನೆಯ ಮಹಡಿಯವರೆಗೆ ಮಾತ್ರ ಎಟುಕಿದವು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದುಹೋಯಿತು. ಸತ್ತವರು 146 ಮಂದಿ, ಅವರಲ್ಲಿ ಹೆಚ್ಚಿನವರು ಹರೆಯದ ಹುಡುಗಿಯರು. ಆ ಕಾರ್ಖಾನೆಯಲ್ಲಿ ಅದುವರೆಗೆ ಒಮ್ಮೆಯೂ ಬೆಂಕಿಯ ಅಭ್ಯಾಸ ನಡೆದಿರಲಿಲ್ಲ. ಆ ದಿನ ಬೀದಿಯಲ್ಲಿ ನಿಂತು ಈ ದುರಂತವನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮಹಿಳೆ ಮುಂದೆ ಕಾರ್ಖಾನೆಗಳ ತನಿಖೆಯಲ್ಲಿ ದುಡಿದು, 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದರು.

ಬೆಂಗಳೂರಿಗೂ ಈ ಪಾಠ ದುಬಾರಿಯಾಗಿಯೇ ದೊರೆಯಿತು. 2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕಾರ್ಲ್ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದು ಕಾರ್ಖಾನೆಯಲ್ಲ, ಕಂಪ್ಯೂಟರಿನ ಮುಂದೆ ಕುಳಿತು ಕೆಲಸಮಾಡುವ ವಿದ್ಯಾವಂತರ ಕಚೇರಿಗಳಿದ್ದ ಕಟ್ಟಡ. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಕಟ್ಟಿದ ಜನರು ಕಿಟಕಿಯ ಗಾಜುಗಳನ್ನೊಡೆದರು. ಕೆಲವರು ಕೆಳಕ್ಕೆ ಹಾರಿದರು. ಒಂಬತ್ತು ಮಂದಿ ಅಸುನೀಗಿದರು. ಮಡಿದವರ ಬಂಧುಮಿತ್ರರು ಬಳಿಕ ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಸ್ಥೆಯನ್ನು ಕಟ್ಟಿ, ಅಗ್ನಿ ಸುರಕ್ಷತೆಯ ಅರಿವನ್ನು ಹರಡುವ ಕೆಲಸವನ್ನು ಕೈಗೊಂಡರು. ಅಪಾಯವಿರುವುದು ಯಂತ್ರಗಳ ನಡುವೆ ದುಡಿಯುವವರಿಗೆ ಮಾತ್ರ ಎಂಬ ಭ್ರಮೆ ಆ ದಿನ ಹರಿದುಹೋಯಿತೆನ್ನಬೇಕು. ಬೊಮ್ಮನಹಳ್ಳಿಯ ದಕ್ಷಿಣಕ್ಕೆ ಕೆಲವೇ ಮೈಲಿಗಳಾಚೆ ಇರುವ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಿಗೂ ಹೊಗೆಯ ನಿಯಮ ಒಂದೇ.

ದಾರಿ ತಿಳಿದಿದ್ದರೂ ಸಾಲದು ಎಂಬುದಕ್ಕೆ ನೆರೆಯ ಬಾಂಗ್ಲಾದೇಶದಲ್ಲಿ ಎರಡು ಕಠೋರ ನಿದರ್ಶನಗಳು ದೊರೆಯುತ್ತವೆ. 2012ರ ನವೆಂಬರ್ 24ರಂದು ಢಾಕಾ ನಗರದ ಬಳಿಯ ತಾಜ್ರೀನ್ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿಯ ಗಂಟೆ ಬಾರಿಸಿತು. ಕೆಲಸಗಾರರು ಎದ್ದು ನಿಂತರು. ಮೇಲ್ವಿಚಾರಕರು ಅವರನ್ನು ಮರಳಿ ಕೆಲಸಕ್ಕೆ ಕೂರಿಸಿದರು. 110ಕ್ಕೂ ಹೆಚ್ಚು ಜನ ಸತ್ತರು. ಐದೇ ತಿಂಗಳ ಬಳಿಕ ಸಾವರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಗಳ ಕಟ್ಟಡದ ಗೋಡೆ ಕಂಬಗಳಲ್ಲಿ ಬಿರುಕುಗಳು ಕಾಣಿಸಿದವು. ಕೆಳಗಿನ ಮಹಡಿಯಲ್ಲಿದ್ದ ಬ್ಯಾಂಕಿನವರು ತಮ್ಮ ನೌಕರರನ್ನು ಮನೆಗೆ ಕಳುಹಿಸಿದರು. ಉಡುಪು ಹೊಲಿಯುವವರನ್ನು ಮಾತ್ರ ಮರುದಿನ, 2013ರ ಏಪ್ರಿಲ್ 24ರಂದು, ಒಳಕ್ಕೆ ಕಳುಹಿಸಲಾಯಿತು. ಆ ಬೆಳಿಗ್ಗೆಯೇ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮಡಿದರು. ಅವರಿಗೆ ಅಪಾಯ ಕಾಣದೆ ಇರಲಿಲ್ಲ; ಕಂಡ ಅಪಾಯದಿಂದ ಹಿಂದೆ ಸರಿಯುವ ಬಲ ಅವರಿಗಿರಲಿಲ್ಲ. ಆ ದುರಂತದ ಮರುತಿಂಗಳು ವಿದೇಶದ ಉಡುಪು ಕೊಳ್ಳುವ ಸಂಸ್ಥೆಗಳೂ ಕಾರ್ಮಿಕ ಸಂಘಗಳೂ ಕೂಡಿ ಮಾಡಿಕೊಂಡ ಒಪ್ಪಂದದಲ್ಲಿ ಕಟ್ಟಡಗಳ ತಪಾಸಣೆ, ಕೆಲಸಗಾರರ ತರಬೇತಿಗಳ ಜೊತೆಗೆ, ಅಪಾಯಕರವಾದ ಕೆಲಸವನ್ನು ನಿರಾಕರಿಸುವ ಹಕ್ಕೂ ಸೇರಿಕೊಂಡಿತು. ಮೇಲ್ವಿಚಾರಕನು ‘ಕುಳಿತುಕೋ’ ಎಂದಾಗಲೂ ಗಂಟೆ ಕೇಳಿದವಳು ಏಳಬಲ್ಲಳೆ ಎಂಬ ಪ್ರಶ್ನೆಯನ್ನು ಬಿಟ್ಟ ತರಬೇತಿ ಅರ್ಧ ತರಬೇತಿ.

ಭಾರತದ ಕಾನೂನು ಈ ಪ್ರಶ್ನೆಯತ್ತ ನಿಧಾನವಾಗಿ ಸಾಗಿಬಂದಿದೆ. 1948ರ ಕಾರ್ಖಾನೆಗಳ ಕಾಯಿದೆ ಯಂತ್ರಗಳಿಗೆ ಬೇಲಿ, ಬೆಂಕಿಯಿಂದ ಪಾರಾಗುವ ದಾರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮುಂತಾದವನ್ನು ಕಡ್ಡಾಯಗೊಳಿಸಿತು. ಹದಿನೆಂಟು ತುಂಬದ ಕಿರಿಯರನ್ನು ಅಪಾಯಕರ ಯಂತ್ರದ ಮುಂದೆ ನಿಲ್ಲಿಸುವ ಮೊದಲು ಅದರ ಅಪಾಯಗಳನ್ನು ಪೂರ್ಣವಾಗಿ ತಿಳಿಸಿ, ತಕ್ಕ ತರಬೇತಿ ಕೊಡಬೇಕೆಂದು ವಿಧಿಸಿತು. 1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. 1972ರಿಂದ ಆ ದಿನವನ್ನು ರಾಷ್ಟ್ರೀಯ ಸುರಕ್ಷತಾ ದಿನವೆಂದು ಆಚರಿಸುತ್ತ ಬರಲಾಗಿದೆ. ಆದರೂ ತಾನು ಯಾವ ಅಪಾಯದ ನಡುವೆ ದುಡಿಯುತ್ತಿದ್ದೇನೆಂದು ಕೇಳಿ ತಿಳಿಯುವ ಹಕ್ಕು ಕೆಲಸಗಾರನಿಗೆ ಬರಬೇಕಾದರೆ ಮಹಾದುರಂತವೊಂದು ನಡೆಯಬೇಕಾಯಿತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸೋರಿದ ವಿಷಾನಿಲ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಹೊರಟ ಅನಿಲ ಯಾವುದು, ಯಾವ ಕಡೆಗೆ ಓಡಬೇಕು ಎಂಬುದು ಸುತ್ತಲಿನ ಜನರಿಗೆ ತಿಳಿದಿರಲಿಲ್ಲ. 1987ರಲ್ಲಿ ಕಾಯಿದೆಗೆ ತಂದ ತಿದ್ದುಪಡಿಯ ಪ್ರಕಾರ, ತನ್ನ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಪಡೆಯುವುದೂ, ಕಾರ್ಖಾನೆಯೊಳಗೆ ಇಲ್ಲವೆ ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಹೊಂದುವುದೂ, ಕೊರತೆಗಳಿದ್ದಲ್ಲಿ ತನಿಖಾಧಿಕಾರಿಗೆ ನೇರವಾಗಿ ತಿಳಿಸುವುದೂ ಕೆಲಸಗಾರನ ಹಕ್ಕುಗಳಾದವು. ಅದುವರೆಗೆ ತರಬೇತಿ ಯಜಮಾನನು ಕೊಡುವ ವಸ್ತುವಾಗಿತ್ತು. ಅಂದಿನಿಂದ ಅದು ಕೆಲಸಗಾರನು ಕೇಳಿ ಪಡೆಯಬಹುದಾದ ವಸ್ತುವಾಯಿತು. ಹಳೆಯ ಹಲವು ಕಾಯಿದೆಗಳನ್ನು ಒಂದುಗೂಡಿಸಿ ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಮಾಹಿತಿ ಕೇಳುವ ಹಕ್ಕು ಅದರಲ್ಲಿಯೂ ಉಳಿದುಕೊಂಡಿದೆ. ಕರ್ನಾಟಕದಲ್ಲಿ ಇವುಗಳ ಮೇಲ್ವಿಚಾರಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ಸೇರಿದೆ.

ಕಾನೂನಿನ ಪುಸ್ತಕದಿಂದ ಹೊಲಿಗೆಯ ಸಾಲಿಗೆ ಇರುವ ದೂರ ಮಾತ್ರ ಸಣ್ಣದಲ್ಲ. ತರಬೇತಿಯಾಯಿತೆಂದು ರುಜು ಹಾಕಿಸಿಕೊಳ್ಳುವ ಪುಸ್ತಕ ಎಲ್ಲೆಡೆಯೂ ಇರುತ್ತದೆ. ರುಜು ಹಾಕಿದವರಿಗೆ ಏನು ತಿಳಿಯಿತೆಂಬುದನ್ನು ಆ ಪುಸ್ತಕ ಹೇಳಲಾರದು. ಊಟದ ಬಿಡುವಿನಲ್ಲಿ, ಅರೆಹೊಟ್ಟೆಯಲ್ಲಿ, ಧ್ವನಿವರ್ಧಕದಿಂದ ಕೇಳಿಬಂದ ಉಪನ್ಯಾಸ ಒಂದು ಕಿವಿಯಿಂದ ಒಳಹೊಕ್ಕು ಇನ್ನೊಂದರಿಂದ ಹೊರಬೀಳುತ್ತದೆ. ಭಾಷೆಯ ತೊಡಕೂ ಉಂಟು. ಬೊಮ್ಮನಹಳ್ಳಿಯ ಒಂದೇ ಸಾಲಿನಲ್ಲಿ ಕನ್ನಡ ಬಲ್ಲವರು, ತಮಿಳು ತೆಲುಗು ಬಲ್ಲವರು, ಒಡಿಯಾ ಮಾತ್ರ ಬಲ್ಲವರು ಒಟ್ಟಿಗೆ ಕುಳಿತಿರುತ್ತಾರೆ. ‘ತುರ್ತು ನಿರ್ಗಮನ’ ಎಂಬ ಪದವಾದರೋ ಮಂಡ್ಯದ ಹಳ್ಳಿಯಿಂದ ಬಂದವಳಿಗೂ ಕ್ಲಿಷ್ಟವೇ. ಓಡುವ ಮನುಷ್ಯನ ಹಸಿರು ಚಿತ್ರ ಅದಕ್ಕಿಂತ ಬೇಗ ಅರ್ಥವಾಗುತ್ತದೆ. ಕೈಹಿಡಿದು ನಡೆಸಿ ಬಾಗಿಲು ತೋರಿಸಿದರೆ ಇನ್ನೂ ಬೇಗ. ಸಾಲಿನಲ್ಲಿ ಪಕ್ಕದಲ್ಲಿ ಕುಳಿತವಳೇ ಕಲಿಸುವವಳಾದರೆ ಯಾವ ಭಾಷೆಯೂ ಅಡ್ಡಬಾರದು.

ಅಭ್ಯಾಸದ ದಿನವನ್ನು ಮೊದಲೇ ಸಾರಿ ಹೇಳುವ ರೂಢಿಯೂ ಅಷ್ಟೇನೂ ಪ್ರಯೋಜನಕರವಲ್ಲ. ಇಂಥ ದಿನ ಇಂಥ ಗಂಟೆಗೆ ಬೆಂಕಿಯ ಗಂಟೆ ಬಾರಿಸುವುದೆಂದು ತಿಳಿದಿದ್ದರೆ ದಾರಿಗಡ್ಡವಾಗಿ ಪೇರಿಸಿದ ರಟ್ಟಿನ ಪೆಟ್ಟಿಗೆಗಳು ಹಿಂದಿನ ಸಂಜೆಯೇ ಮಾಯವಾಗುತ್ತವೆ; ಬಾಗಿಲುಗಳ ಅಗುಳಿ ತೆರೆದುಕೊಳ್ಳುತ್ತದೆ; ಎಲ್ಲರೂ ಚೀಲ ಹಿಡಿದು ಸಿದ್ಧರಾಗಿರುತ್ತಾರೆ. ಹೇಳದೆ ನಡೆಸಿದ ಅಭ್ಯಾಸದಲ್ಲಿ ಹೊರಬೀಳುವ ಸಂಗತಿಗಳೇ ಬೇರೆ. ಯಂತ್ರಗಳ ಸದ್ದಿನಲ್ಲಿ ಮೂಲೆಯ ಸಾಲಿನವರಿಗೆ ಗಂಟೆಯೇ ಕೇಳಿಸದಿರುವುದು, ಎರಡು ಮಹಡಿಗಳ ಜನರು ಒಂದೇ ತಿರುವಿನಲ್ಲಿ ಒಟ್ಟುಗೂಡಿ ಮೆಟ್ಟಿಲು ಕಟ್ಟಿಕೊಳ್ಳುವುದು, ಹಿಂದಿನ ಬಾಗಿಲು ಹೊರಕ್ಕೆ ತೆರೆಯುವ ಬದಲು ಒಳಕ್ಕೆ ತೆರೆಯುವುದು, ಬೀಗದ ಕೈ ಕಾವಲುಗಾರನ ಜೇಬಿನಲ್ಲಿದ್ದು ಅವನು ಚಹಾ ಕುಡಿಯಲು ಹೋಗಿರುವುದು, ಇವೆಲ್ಲ ಬೆಂಕಿಯಿಲ್ಲದ ದಿನವೇ ಬೆಳಕಿಗೆ ಬರುವುದು ಭಾಗ್ಯವೆನ್ನಬೇಕು. ಹೀಗೆ ಕಳೆದುಹೋದ ಕೆಲವು ನಿಮಿಷಗಳ ಹೊಲಿಗೆಗೆ ಬೆಲೆಯುಂಟು, ನಿಜ. ಆ ಬೆಲೆಯನ್ನು ಅಂದಿನ ಗುರಿಯ ಹಲಗೆಯಿಂದ ಕಳೆಯದೆ, ಸಂಜೆ ಕೆಲಸಗಾರ್ತಿಯರಿಂದಲೇ ವಸೂಲು ಮಾಡಿದರೆ, ಮುಂದಿನ ಸಲ ಗಂಟೆ ಬಾರಿಸಿದಾಗ ಅವರು ಎದೆಗುಂದಿ ಎದ್ದಾರು.

ಬಯಲಿನಲ್ಲಿ ನಡೆಯುವ ಎಣಿಕೆಯೂ ಒಂದು ಪರೀಕ್ಷೆಯೇ. ಹಾಜರಿ ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಲೆಕ್ಕಕ್ಕೆ ಸಿಕ್ಕಿದ ಬಳಿಕವೂ ಗೋಡೆಯ ನೆರಳಿನಲ್ಲಿ ಕೆಲವರು ನಿಂತಿರುತ್ತಾರೆ: ಕಸ ಗುಡಿಸುವವರು, ಪೆಟ್ಟಿಗೆ ಹೊರುವವರು, ಅಡುಗೆಮನೆಯವರು, ಅಂದು ಬೆಳಿಗ್ಗೆಯಷ್ಟೇ ಸೇರಿದ ಹೊಸಬರು. ಗುತ್ತಿಗೆದಾರನ ಮೂಲಕ ಬಂದವರಾದುದರಿಂದ ಅವರ ಹೆಸರುಗಳು ಕಾರ್ಖಾನೆಯ ಪಟ್ಟಿಯಲ್ಲಿರುವುದಿಲ್ಲ. ಅವರಲ್ಲೊಬ್ಬರು ಒಳಗೆ ಉಳಿದಿದ್ದರೆ ಹೊರಗಿರುವ ಯಾರಿಗೂ ತಿಳಿಯುತ್ತಿರಲಿಲ್ಲ. ಅಭ್ಯಾಸವನ್ನು ಮನಸ್ಸಿಟ್ಟು ನಡೆಸುವ ಕಾರ್ಖಾನೆಗಳಲ್ಲಿ ಆ ಹೆಸರುಗಳನ್ನೂ ಪಟ್ಟಿಗೆ ಸೇರಿಸಿ, ಮೊದಲ ಸಾಲಿನಿಂದ ಮತ್ತೊಮ್ಮೆ ಎಣಿಸುತ್ತಾರೆ. ಆ ಎಣಿಕೆ ಮುಗಿಯುವವರೆಗೆ ಯಾರನ್ನೂ ಯಂತ್ರದ ಬಳಿಗೆ ಬಿಡುವುದಿಲ್ಲ.